ಬಿಸಿಲಿಗೆ ನಿಂತ ಪಣತ

ಹೋದ ಬೇಸಿಗೆಯಲ್ಲಿ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗಾಣದೆಣ್ಣೆಯ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಕೊಳ್ಳುವುದೇನೂ ಇರಲಿಲ್ಲ. ಒಳಗೆ ಯಾರೋ ಹೊಂಗೆ ಎಣ್ಣೆಯ ಡಬ್ಬದ ಮುಚ್ಚಳ ತೆಗೆದಿದ್ದರು. ಕಹಿಯಾದ, ಹಸಿಯಾದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಅತ್ತೆಯ ಕೈಗಳು ನೆನಪಾದವು. ಮುಖವಲ್ಲ, ಕೈಗಳು. ಬಳೆಗಳನ್ನು ಮೇಲಕ್ಕೆ ಸರಿಸಿ ಬಟ್ಟೆಯ ಚೂರಿನಿಂದ ಬಿಗಿದುಕೊಂಡ, ಮೊಣಕೈಯವರೆಗೆ ಕೆಮ್ಮಣ್ಣು ಮೆತ್ತಿದ ಕೈಗಳು...

ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು, ಅದೂ ಬಹಳ ವರ್ಷಗಳ ನಂತರ ಹೇಳಿದ್ದನ್ನು, ಸುಲಭಕ್ಕೆ ನಂಬಬೇಡಿ ಎಂದು ಮೈಸೂರಿನಲ್ಲಿ ಕಲಿಸಿದ್ದರು. ಒಂದೂರಿನಲ್ಲಿ ನೆಲೆ ನಿಲ್ಲದೆ ಹಲವು ಕಾಲೇಜುಗಳಲ್ಲಿ ನಾನೂ ಅದನ್ನೇ ಕಲಿಸಿದೆ. ಈ ಬರಹದ ಬಹುಪಾಲಿಗೆ ನಾನೊಬ್ಬನೇ ಸಾಕ್ಷಿ. ನಮ್ಮವ್ವ ಹೇಳಿದ್ದೂ ಅಲ್ಲಲ್ಲಿ ಸೇರಿಕೊಂಡಿದೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬಿಡಿಸಲು ಹೋದರೆ ಎರಡೂ ಹರಿಯುತ್ತವೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಮ್ಮೂರು ಚೌಳಹಿರಿಯೂರು. ಅವರನ್ನು ಲಿಂಗದಹಳ್ಳಿಗೆ ಕೊಟ್ಟಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಯಿತು. ಮನೆ ಎರಡಾಯಿತು. ಹೊಲ, ತೆಂಗಿನ ತೋಟ, ಎತ್ತು, ಹಂಡೆ ಎಲ್ಲ ಹಂಚಿದ ಮೇಲೆ ಉಳಿದದ್ದು ಪಣತ. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಒಂದು ಸಣ್ಣ ಕೋಣೆಯಷ್ಟು ದೊಡ್ಡದಾದ ಮರದ ಕಣಜ ಅದು. ಮೂಲೆಗಂಬಗಳ ಉದ್ದಕ್ಕೂ ತೋಡು ಕೊರೆದಿರುತ್ತಿದ್ದರು. ಆ ತೋಡಿಗೆ ದಪ್ಪ ಹಲಗೆಗಳನ್ನು ಮೇಲಿನಿಂದ ಒಂದರ ಮೇಲೊಂದು ಇಳಿಬಿಟ್ಟರೆ ಅದೇ ಗೋಡೆ. ಒಂದು ಮೊಳೆ ಸಹ ಇರುತ್ತಿರಲಿಲ್ಲ. ಮುತ್ತಜ್ಜನ ಕಾಲದಿಂದ ಮನೆಯ ರಾಗಿಯೆಲ್ಲ ಅದರೊಳಗಿತ್ತು. ಅದು ಯಾರಿಗೆ ಸೇರಬೇಕೆಂದು ಅಣ್ಣತಮ್ಮಂದಿರಿಗೆ ಜಗಳವಾಯಿತು. ಒಡೆದು ಹಂಚಲು ಇಬ್ಬರಿಗೂ ಮನಸ್ಸಿಲ್ಲ, ಬಿಟ್ಟುಕೊಡಲೂ ಮನಸ್ಸಿಲ್ಲ. ಪಾಲಿಗೆ ಕೂತಿದ್ದ ಹಿರಿಯರೊಬ್ಬರು ಬೇಸತ್ತು ತೀರ್ಮಾನ ಹೇಳಿದರು. ಹಿತ್ತಲಿನ ನಡುವೆ ಹೇಗೂ ಒಂದು ಬೇಲಿ ಆಗಬೇಕು, ಪಣತವನ್ನೇ ಬಿಚ್ಚಿ ಅದರ ಕಂಬ, ಹಲಗೆಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ, ಇಬ್ಬರದೂ ಆಗಲಿ ಎಂದರು.

ಹೀಗೆ, ನಡುಮನೆಯ ಕತ್ತಲೆಯಲ್ಲಿ ತಣ್ಣಗಿದ್ದ ಮರ ಬಯಲಿಗೆ ಬಂತು. ನಮ್ಮ ಸೀಮೆಯ ಬಿಸಿಲನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಶಿವರಾತ್ರಿ ಕಳೆಯುತ್ತಲೇ ಒಣಗಾಳಿ ಏಳುತ್ತದೆ. ಮಣ್ಣು, ತುಟಿ, ಗೋಣಿಚೀಲ ಎಲ್ಲವೂ ಬಿರಿಯುತ್ತವೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹಿತ್ತಲಿನಿಂದ ಟಪ್ಪೆಂದು ಸದ್ದು ಬರುತ್ತಿತ್ತು. ಇನ್ನೊಂದು ಹಲಗೆ ಸೀಳಿತು ಎಂದು ಎರಡೂ ಮನೆಯವರಿಗೆ ಗೊತ್ತಾಗುತ್ತಿತ್ತು, ಯಾರೂ ಏಳುತ್ತಿರಲಿಲ್ಲ. ಪಡುವಲ ಬಿಸಿಲು ಬೀಳುವ ಮುಖ ಬೂದಿಬಣ್ಣಕ್ಕೆ ತಿರುಗಿ ಎಳೆ ಎಳೆಯಾಗಿ ಎದ್ದಿತು. ಅಪ್ಪನೂ ಚಿಕ್ಕಪ್ಪನೂ ಆಗಲೇ ಮಾತು ಬಿಟ್ಟಿದ್ದರು. ಈ ಬೇಲಿ ಬಿದ್ದ ದಿನ ಕಲ್ಲುಗೋಡೆ ಎತ್ತಿಸುತ್ತೇನೆ, ಅವನ ಮುಖ ಕಾಣುವುದೂ ತಪ್ಪುತ್ತದೆ ಎಂದು ಇಬ್ಬರೂ ಬೇರೆಬೇರೆ ಜಗಲಿಗಳಲ್ಲಿ ಕೂತು ಒಂದೇ ಮಾತನ್ನು ಹೇಳುತ್ತಿದ್ದರು.

ಅದು ಲಿಂಗದಹಳ್ಳಿಯವರೆಗೆ ಹೋಗಿ ಅತ್ತೆಯ ಕಿವಿಗೆ ಬಿತ್ತು. ತರೀಕೆರೆಗೆ ಬಂದು, ಅಲ್ಲಿಂದ ಕಡೂರು, ಕಡೂರಿನಿಂದ ನಮ್ಮೂರ ಬಸ್ಸು ಹಿಡಿದು, ಕಂಕುಳಲ್ಲಿ ಡಾಂಬರಿನ ಡಬ್ಬ ಇಟ್ಟುಕೊಂಡು ಬಂದಿಳಿದರು. ಕಾಡಂಚಿನ ಅವರೂರಿನಲ್ಲಿ ಮರಕ್ಕೆ ಶತ್ರುಗಳೆಂದರೆ ನೀರು ಮತ್ತು ಗೆದ್ದಲು. ಅಲ್ಲಿ ಎಲ್ಲರೂ ಬೇಲಿಗೂಟಕ್ಕೆ ಬಳಿಯುವುದು ಡಾಂಬರು. ಅತ್ತೆ ಯಾರ ಮಾತನ್ನೂ ಕೇಳದೆ ಬೇಲಿಗೆಲ್ಲ ಬಳಿದರು. ಕಪ್ಪು ಬಣ್ಣ ಬಿಸಿಲನ್ನೆಲ್ಲ ಕುಡಿಯಿತು. ಏಪ್ರಿಲ್ಲಿನಲ್ಲಿ ಡಾಂಬರು ಕರಗಿ ಇಳಿದು, ಒರಗಿದ ಎಮ್ಮೆಯ ಮೈಗೂ ಚಿಕ್ಕಪ್ಪನ ಹೊಸ ಪಂಚೆಗೂ ಅಂಟಿತು. ಹಲಗೆಗಳು ಮೊದಲಿಗಿಂತ ಹೆಚ್ಚು ಬಾಗಿದವು. ಚಿಕ್ಕಪ್ಪ ಪಂಚೆ ಹಿಡಿದುಕೊಂಡು ಬಂದು, “ಅಕ್ಕಾ, ನಿಮ್ಮ ಮಲೆ ಬುದ್ಧಿ ಇಲ್ಲಿ ನಡೆಯಲ್ಲ. ಇಲ್ಲಿ ಕೊಡೆ ಹಿಡಿಯೋದು ಮಳೆಗಲ್ಲ ಕಣಕ್ಕಾ” ಎಂದನಂತೆ. ಅತ್ತೆಗೆ ಸಿಟ್ಟು ಬರಲಿಲ್ಲ. ಹಂಗಾದ್ರೆ ಕೊಡೆನೇ ಹಿಡಿಸಾನ ಬಿಡು ಎಂದರಂತೆ.

ಮುಂದಿನ ವರ್ಷದಿಂದ ಕೆಲಸದ ರೀತಿ ಬದಲಾಯಿತು. ಡಾಂಬರನ್ನೆಲ್ಲ ಹೆರೆಸಿದರು. ವರ್ಷವಿಡೀ ಬಿಸಿಲಲ್ಲೇ ನಿಲ್ಲುವ ಎತ್ತಿನ ಗಾಡಿಗಳಿಗೆ ಏನು ಹಾಕುತ್ತಾರೆಂದು ಸಂತೆಯಲ್ಲಿ ನಾಲ್ಕು ಜನರನ್ನು ಕೇಳಿಕೊಂಡರು. ಅಜ್ಜಂಪುರದ ಗಾಣದಿಂದ ಎಣ್ಣೆ ತರಿಸಿ, ಬಿಸಿ ಮಾಡಿ, ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣನ್ನು ಅದಕ್ಕೆ ಕಲಸಿ ಹಲಗೆಗೆ ತಿಕ್ಕುವುದು. ಆಮೇಲೆ ಪಡುವಲ ಮುಖಕ್ಕೆ ಮಳೆಗಾಲ ಬರುವವರೆಗೂ ತೆಂಗಿನ ಗರಿ ಹೆಣೆದು ತೂಗುಬಿಡುವುದು. ಎಣ್ಣೆ ಹೊಂಗೆಯದು ಎಂದು ನನ್ನ ನೆನಪು. ಚಿಕ್ಕಪ್ಪನ ಮಗಳು ಅದು ಹುಚ್ಚೆಳ್ಳೆಣ್ಣೆ ಎಂದೇ ಸಾಧಿಸುತ್ತಾಳೆ. ಮೂಗಿನ ಸಾಕ್ಷಿ ನನ್ನ ಕಡೆಗಿದೆ. ಆದರೆ ಮೂಗನ್ನು ಎಷ್ಟು ನಂಬಬೇಕೋ...

ನೆರಳಿನಲ್ಲಿ ಎಣ್ಣೆ ಇಂಗಬೇಕಾದರೆ ಹಲಗೆಗಳನ್ನು ತೋಡಿನಿಂದ ಎತ್ತಿ ಹೊರಗೆ ತೆಗೆಯಲೇಬೇಕು. ಒಂದೊಂದು ಹಲಗೆಗೂ ಎರಡಾಳು ಬೇಕು. ಕೂಲಿಯವರನ್ನು ಕರೆಯಲು ಅತ್ತೆ ಬಿಡುತ್ತಿರಲಿಲ್ಲ. ಮನೆಯ ಪಣತ ಮನೆಯವರೇ ಮುಟ್ಟಬೇಕು ಎಂಬುದು ಅವರ ಹಟ. ಹಾಗಾಗಿ ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ವಾರ, ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಚಿಕ್ಕಪ್ಪ ನಿಲ್ಲಬೇಕಾಗುತ್ತಿತ್ತು. ಅವರ ನಡುವೆ ಮಾತಿಲ್ಲ. ಇದನ್ನು ನಾನೇ ಕಂಡಿದ್ದೇನೆ, ರಜಕ್ಕೆ ಬಂದಿದ್ದೆ.

“ಅಕ್ಕಾ, ಆ ಕಡೆಯೋರಿಗೆ ಇನ್ನೊಂಚೂರು ಎತ್ತಕ್ಕೆ ಹೇಳು” ಎಂದ ಅಪ್ಪ.

“ಎತ್ತೇ ಹಿಡ್ಕಂಡಿದೀನಿ ಅಂತ ಹೇಳಕ್ಕಾ. ಕಣ್ಣು ಕಾಣಲ್ವೇನೋ ಕೇಳು” ಎಂದ ಚಿಕ್ಕಪ್ಪ.

“ನಾನೇನು ಪೋಸ್ಟಾಫೀಸಾ?” ಎಂದರು ಅತ್ತೆ. “ಹಲಿಗೆ ಕಾಲ್ಮೇಲೆ ಬಿದ್ರೆ ಅಕ್ಕಾ ಅನ್ನಲ್ಲ, ಅವ್ವಾ ಅಂತೀರ ಇಬ್ರೂವೆ. ನೀವೇ ಮಾತಾಡ್ಕಳಿ.”

ಎಣ್ಣೆ ಇಂಗುವವರೆಗೆ ಹಿತ್ತಲಲ್ಲಿ ಬರೀ ಕಂಬಗಳು ನಿಂತಿರುತ್ತಿದ್ದವು. ಕೋಳಿಗಳು ಮೊದಲು ದಾಟುತ್ತಿದ್ದವು, ಆಮೇಲೆ ಮಕ್ಕಳು, ಆಮೇಲೆ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಚಿಕ್ಕಮ್ಮ. ಅತ್ತೆ ಒಂದು ಹೊತ್ತು ನಮ್ಮಲ್ಲಿ, ಒಂದು ಹೊತ್ತು ಅಲ್ಲಿ ಉಣ್ಣುತ್ತಿರಲಿಲ್ಲ. ಬೇಲಿ ಇದ್ದ ಜಾಗದಲ್ಲೇ ಚಾಪೆ ಹಾಸಿ ಕೂರುತ್ತಿದ್ದರು. ಎರಡೂ ಮನೆಯ ಮುದ್ದೆ, ಸಾರು ಅಲ್ಲಿಗೇ ಬರಬೇಕಿತ್ತು. ತವರಿಗೆ ಬಂದಿದ್ದೇನೆ ಎಂದು ಅವರು ಹೇಳುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಗೌರಿ ಹಬ್ಬಕ್ಕೆ ಬಂದರೆ ಇವರ ಮನೆಗೆ ಬಂದೆ, ಅವರ ಮನೆಗೆ ಬಂದೆ ಎನ್ನುತ್ತಿದ್ದರು.

ಆಗ ನನಗೆ ಇದೆಲ್ಲ ಹುಡುಗಾಟವಾಗಿ ಕಂಡಿತ್ತು. ಪಾಲಾದ ಮನೆಗೆ ಗೋಡೆ ಎಷ್ಟೋ ಬೇಲಿಯೂ ಅಷ್ಟೇ, ಎಣ್ಣೆ ಹಚ್ಚಿದರೆ ಬೇಲಿ ಬೇರೇನಾದರೂ ಆಗುತ್ತದೆಯೇ ಎಂದು ಕೇಳಿದ್ದೆ. ಅತ್ತೆ ಹಲಗೆಯಿಂದ ಕಣ್ಣೆತ್ತದೆ, “ಗೋಡೆ ಬಿಚ್ಚಕ್ಕಾಗ್ತದೇನೋ?” ಎಂದರು. ನಾನು ಅದಕ್ಕೂ ಏನೋ ಉತ್ತರ ಕೊಟ್ಟಿರಬೇಕು. ಅದು ನೆನಪಿಲ್ಲ.

ನಾಲ್ಕೈದು ವರ್ಷ ಹೀಗೆ ನಡೆಯಿತು. ಅಣ್ಣತಮ್ಮಂದಿರಿಗೆ ಹಲಗೆಯ ನೆಪದಲ್ಲಿ ಹೂಂ, ಉಹೂಂ ಶುರುವಾಗಿ, ಆಮೇಲೆ ಎತ್ತಿನ ವಿಷಯ, ಮಳೆಯ ವಿಷಯ. ಅಷ್ಟರಲ್ಲಿ ಒಂದು ವರ್ಷ ಅತ್ತೆಯ ಗಂಡನಿಗೆ ಕಾಯಿಲೆಯಾಗಿ ಅವರಿಗೆ ಬರಲಾಗಲಿಲ್ಲ. ಬೇಲಿಗೆ ಎಣ್ಣೆ ಬೀಳಲಿಲ್ಲ, ಗರಿಯನ್ನೂ ಯಾರೂ ಕಟ್ಟಲಿಲ್ಲ. ಅಕ್ಕ ಬಂದು ಮಾಡುವ ಕೆಲಸ ಅದು, ತಾವೇ ಮಾಡಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಆ ಬೇಸಿಗೆ ಪಡುವಲ ಮುಖದ ಕೆಲವು ಹಲಗೆಗಳು ಉದ್ದಕ್ಕೂ ಸೀಳಿ, ಕರು ನುಗ್ಗುವಷ್ಟು ಸಂದು ಬಿಟ್ಟಿತು. ಆಗ ಅಪ್ಪನೂ ಚಿಕ್ಕಪ್ಪನೂ, ಪಾಲಾದ ಮೇಲೆ ಮೊದಲ ಸಲ, ಒಂದೇ ಜಗಲಿಯ ಮೇಲೆ ಕೂತು ಸಮಾಲೋಚನೆ ಮಾಡಿದರು. ಅಕ್ಕನಿಗೂ ವಯಸ್ಸಾಯಿತು, ಮೂರು ಬಸ್ಸು ಹತ್ತಿ ಇಳಿದು ಈ ಉರಿಯಲ್ಲಿ ಅವಳು ಯಾಕೆ ಎಣ್ಣೆ ತಿಕ್ಕಬೇಕು, ಒಂದು ಗೋಡೆ ಎತ್ತಿಬಿಡೋಣ ಎಂದು ತೀರ್ಮಾನಿಸಿದರು. ಸಿಟ್ಟಿನಿಂದ ಹಾಕುತ್ತೇವೆ ಎನ್ನುತ್ತಿದ್ದ ಗೋಡೆಯನ್ನು ಕೊನೆಗೆ ಅಕ್ಕರೆಯಿಂದ ಹಾಕಿಸಿದರು.

ಗೋಡೆ ಏಳುವಾಗ ಇಬ್ಬರೂ ಬಹಳ ಖುಷಿಯಾಗಿದ್ದರಂತೆ. ತರೀಕೆರೆ ಕಡೆಯಿಂದ ಸೈಜುಗಲ್ಲು ತರಲು ಜೊತೆಯಲ್ಲೇ ಲಾರಿಯಲ್ಲಿ ಹೋಗಿ, ದಾರಿಯಲ್ಲಿ ಒಂದೇ ಹೋಟೆಲಿನಲ್ಲಿ ದೋಸೆ ತಿಂದು ಬಂದರೆಂದು ಅವ್ವ ಹೇಳುತ್ತಿದ್ದಳು.

ಮುಂದಿನ ಶಿವರಾತ್ರಿ ಕಳೆದ ಮೇಲೆ ಅತ್ತೆ ಎಣ್ಣೆಯ ಡಬ್ಬ ಹಿಡಿದುಕೊಂಡೇ ಬಂದರು. ಯಾರೂ ಅವರಿಗೆ ಹೇಳಿ ಕಳಿಸಿರಲಿಲ್ಲ. ನೋಡಿ ಸಂತೋಷಪಡಲಿ ಎಂದು ಇಬ್ಬರಿಗೂ ಇತ್ತಂತೆ. ಹಿತ್ತಲ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಹಲಗೆಗಳನ್ನು ಎರಡು ರಾಶಿ ಮಾಡಿ ಗೋಡೆಯ ಈ ಕಡೆಗೊಂದು, ಆ ಕಡೆಗೊಂದು ಒರಗಿಸಿತ್ತು. ಪಣತವೂ ಪಾಲಾಗಿತ್ತು. ನಾನು ಅಲ್ಲಿದ್ದೆನೇ? ಇದ್ದೆ ಎಂದು ನನ್ನ ನೆನಪು. ನೀನಿರಲಿಲ್ಲ, ಪರೀಕ್ಷೆ ಇತ್ತು ಎಂದು ಅವ್ವ ಹೇಳುತ್ತಿದ್ದಳು. ಇರಲಿ, ಮಾತುಗಳಂತೂ ಇಬ್ಬರಿಗೂ ಒಂದೇ ಥರ ನೆನಪಿದ್ದವು.

“ಒಳ್ಳೇದಾಯ್ತು ಬಿಡ್ರಪ್ಪ” ಎಂದರು ಅತ್ತೆ. ಡಬ್ಬ ಕೆಳಗಿಟ್ಟು, “ಹೊಲ ಮನೆ ಪಾಲಾದಾಗ ನಾನು ಬಾಯಿ ಬಿಡ್ಲಿಲ್ಲ. ಈ ಹಲಿಗೆಯಾದ್ರೂ ನಂಗೆ ಕೊಡ್ರಪ್ಪ” ಎಂದರು.

ಚಿಕ್ಕಪ್ಪ ನಕ್ಕ. “ಕಾಡನ್ನೇ ಹಿತ್ತಲಲ್ಲಿ ಇಟ್ಕಂಡು ಬಯಲುಸೀಮೆಗೆ ಬಂದು ಮರ ಕೇಳ್ತೀಯಲ್ಲಕ್ಕಾ! ನಿಮ್ಮೂರಿಗೆ ಮರ ಹೊತ್ರೆ ಗಾಡಿಯೋನೂ ನಗ್ತಾನೆ.”

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಗಾಡಿ ಮಾಡಿ ಕಳುಹಿಸುತ್ತೇನೆ ಬಿಡು ಎಂದ ಅಪ್ಪ, ನಗುತ್ತಲೇ. ಹೆಣ್ಣುಮಕ್ಕಳು ತವರಿನಿಂದ ಸೀರೆ, ಕಾಯಿ, ಬೆಲ್ಲ ಕೇಳುವುದುಂಟು. ಹಳೆಯ ಹಲಗೆ ಕೇಳಿದವರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅತ್ತೆ ಎಣ್ಣೆಯನ್ನು ಅವ್ವನಿಗೆ ಕೊಟ್ಟು, ಖಾಲಿ ಡಬ್ಬ ಹಿಡಿದು ಮರುದಿನವೇ ಹೊರಟರು.

ಅವರನ್ನು ನಾನು ಖಂಡಿತವಾಗಿ ಮತ್ತೆ ಕಂಡದ್ದು ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಒಂದೆರಡು ವರ್ಷದ ನಂತರ. ಹಿತ್ತಲಲ್ಲಿ ಮದುವೆಯ ಅಡಿಗೆಗೆಂದು ಉದ್ದನೆಯ ಕೋಡೊಲೆ ತೋಡಿತ್ತು. ಸೌದೆ ಸಾಲದೆ ಅಡಿಗೆಯವರು ಕೇಳಿದಾಗ ಎರಡೂ ರಾಶಿಯ ಹಲಗೆಗಳನ್ನು ಸೀಳಿ ಹಾಕಿದ್ದರು. ಯಾರು ಹಾಕಿ ಎಂದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಬಹುಶಃ ಯಾರೂ ಹೇಳಿರಲಿಲ್ಲ. ಹೊಗೆಗೆ ಆ ಕಹಿ ವಾಸನೆಯಿತ್ತು. ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದವರು ಎದ್ದು ಬಂದು ಒಲೆಯ ಮುಂದೆ ನಿಂತರು. ಬೆಂಕಿ ಎಷ್ಟು ಚೆನ್ನಾಗಿ ಹತ್ತುತ್ತದೆ ನೋಡ್ರಮ್ಮ ಎಂದು ಅಡಿಗೆಯವನು ಹೊಗಳಿದ.

“ಎಣ್ಣೆ ಕುಡಿದ ಮರ” ಎಂದರು ಅತ್ತೆ. “ಚೆನ್ನಾಗೇ ಉರೀತದೆ.”

ಆಮೇಲೆ ಅವರು ನಮ್ಮೂರಿಗೆ ಬರುವುದು ಕಡಿಮೆಯಾಯಿತು. ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದರು. ನಿಜವಾಗಿ ನೋವೇ ಇದ್ದಿರಬಹುದು. ಪ್ರತಿಯೊಂದಕ್ಕೂ ಮನಸ್ಸಿನ ಕಾರಣ ಹುಡುಕುವುದು ಕತೆಗಾರರ ಚಾಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅಪ್ಪ ತನ್ನ ಕೊನೆಗಾಲದಲ್ಲಿ ಒಂದು ಮಾತನ್ನು ಎಷ್ಟೋ ಸಲ ಆಡಿದ್ದಾನೆ: “ಅಕ್ಕ ತಮಾಷೆಗೆ ಕೇಳಿದ್ಲು ಅಂದ್ಕಂಡಿದ್ದೆ ಕಣೋ.” ತಮಾಷೆಗೇ ಕೇಳಿದ್ದರು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಚಿಕ್ಕಪ್ಪ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಈಗ ಇಬ್ಬರೂ ಇಲ್ಲ.

ಎಣ್ಣೆಯಂಗಡಿಯಿಂದ ಹೊರಟವನು ನೇರ ಮನೆಗೆ ಬರಲಿಲ್ಲ. ಯಾವ ಕೆಲಸವೂ ಇಲ್ಲದೆ ಲಿಂಗದಹಳ್ಳಿಗೆ ಹೋದೆ. ಅತ್ತೆಯ ಮಗ, ನನ್ನ ವಯಸ್ಸಿನವನೇ, ಕಾಫಿ ಕೊಟ್ಟು ಹಿತ್ತಲು ತೋರಿಸಲು ಕರೆದುಕೊಂಡು ಹೋದ. ಬಾವಿಯ ಆಚೆ ಎರಡು ಮರದ ಕಂಬಗಳು ನಿಂತಿದ್ದವು. ನಡುವೆ ಏನೂ ಇರಲಿಲ್ಲ. ದನ ಕಟ್ಟುವುದಕ್ಕಾ ಎಂದು ಕೇಳಿದೆ.

“ಅಲ್ಲ ಕಣೋ, ಅದು ಅವ್ವ ನೆಡಿಸಿದ್ದು. ತವರಿಂದ ಪಣತ ಬತ್ತದೆ ಅಂತಿದ್ಲು. ಆಚಾರಿನ ಕರೆಸಿ ಎರಡು ದಿನ ಕೆಲಸ ಮಾಡಿಸಿದ್ಲು. ಏನು ಪಣತವೋ, ನಾವು ಕೇಳ್ಲೂ ಇಲ್ಲ.”

ಹತ್ತಿರ ಹೋಗಿ ನೋಡಿದೆ. ಎದುರುಬದುರಾಗಿರುವ ಮುಖಗಳಲ್ಲಿ, ಮೇಲಿನಿಂದ ಕೆಳಗಿನವರೆಗೆ, ದಪ್ಪ ಹಲಗೆ ಇಳಿಯುವಷ್ಟು ಅಗಲದ ತೋಡು ಕೊರೆದಿತ್ತು. ಒಳಗೆ ಕೈಯಾಡಿಸಿದೆ. ಹಲಗೆ ಉಜ್ಜಿದ ಗುರುತು ಎಲ್ಲಿಯೂ ಇರಲಿಲ್ಲ. ಉಳಿಯ ಏಟುಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು.