ಚಾತಕ ಪಕ್ಷಿ ಬೇಡವಾದ ಅರ್ಜಿ

ಎಪ್ಪತ್ತರ ದಶಕದ ಮಾತು. ದೇವದುರ್ಗದ ತಹಶೀಲ ಕಚೇರಿ ಮುಂದೆ ಕೂತು ಅರ್ಜಿ ಬರೆಯುತ್ತಿದ್ದೆ. ಕಾಲೇಜಿನಲ್ಲಿ ಅಲಂಕಾರ ಓದಿದ ಸೊಕ್ಕು ಬೇರೆ. ತಮ್ಮ ಕೇರಿಗೊಂದು ಬೋರಿಂಗು ಬೇಕೆಂದು ಬಂದ ಕೂಲಿ ಹೆಂಗಸಿಗೆ, ‘ಚಾತಕ ಪಕ್ಷಿಗಳಂತೆ ಕಾದಿದ್ದೇವೆ’ ಎಂದು ಬರೆದು ಓದಿ ಹೇಳಿದೆ.

“ಹಕ್ಕಿ ಬ್ಯಾಡ್ರೀ ಯಪ್ಪಾ. ಹಕ್ಕಿನ್ನ ಬಾವ್ಯಾಗ ಇಳಿಯಾಕ ಬಿಡ್ತಾರ, ನಮ್ಮನ್ನ ಬಿಡಂಗಿಲ್ಲ,” ಅಂದಳು. “ಹಿಂಗ ಬರೀರಿ. ಬಾವಿ ತೋಡುವಾಗ ನಾವು ಒಳಗ, ಊರವರು ಹೊರಗ. ನೀರು ಬಿದ್ದಮ್ಯಾಗ ಊರವರು ಒಳಗ, ನಾವು ಹೊರಗ.”

ಮಾತನ್ನು ಹೀಗೆ ತಿರುಗಿಸಿ ಹೊಡೆಯುವುದನ್ನು ಓದಿದ್ದೆ, ಕೇಳಿರಲಿಲ್ಲ. ಅಷ್ಟನ್ನೇ ಬರೆದು ಹೆಬ್ಬೆಟ್ಟು ಒತ್ತಿಸಿದೆ.

ಬೇಸಿಗೆಗೆ ಮೊದಲೇ ಬೋರಿಂಗು ಬಂತು. ಚಾತಕ ಪಕ್ಷಿ ಹಾಕಿ ನಾನು ಬರೆದ ಉಳಿದ ಅರ್ಜಿಗಳು ಬಹುಶಃ ಇನ್ನೂ ಮಳೆ ಕಾಯುತ್ತಿವೆ.