ಯಜಮಾನನಿಗೂ ಒಂದೇ ಓಟು

ಕಳೆದ ಸೋಮವಾರ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಬ್ಬ ಹೆಂಗಸಿನ ಹೆಸರು ಕೇಳಿದೆ. ಒದೆ ತಿನ್ನುವುದೊಂದು ಬಾಕಿ ಇತ್ತು.

ತಪ್ಪು ನನ್ನದಲ್ಲ, ಸ್ವಾಮಿ! ದಿಲ್ಲಿಯಲ್ಲಿ ದೇಶಕ್ಕೊಂದು ಸಂವಿಧಾನ ಬರೆಯುತ್ತಿದ್ದಾರಲ್ಲ, ವಯಸ್ಸಿಗೆ ಬಂದವರಿಗೆಲ್ಲ ಓಟು ಅಂತ ಅದರಲ್ಲಿ ಹಾಕುತ್ತಾರಂತೆ. ಬರೆದು ಮುಗಿದಿಲ್ಲ, ಆಗಲೇ ಓಟುದಾರರ ಪಟ್ಟಿ ಮಾಡಿ ಎಂದು ಆರ್ಡರ್ ಬಂತು. ಮನೆ ಮನೆ ಸುತ್ತುವವರು ಯಾರು? (ಬಿಟ್ಟಿ ಸಿಗುವವರು ಸ್ಕೂಲ್ ಮೇಷ್ಟ್ರು ತಾನೇ?)

ಯಜಮಾನ ನಂಜಪ್ಪ ಮಗ್ಗದಲ್ಲಿ ಕೂತಿದ್ದ. ಒಳಗೆ ಅವನ ಹೆಂಡತಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು.

"ಹೆಂಡತಿ ಹೆಸರೇನಪ್ಪಾ?"

"ನಂಜಪ್ಪನ ಹೆಂಡ್ತಿ ಅಂತ ಬರ್ಕೊಳಿ. ಮನೆ ಹೆಂಗಸಿನ ಹೆಸರು ನಿಮಗ್ಯಾಕೆ ಮೇಷ್ಟ್ರೇ?" ದನಿ ಏರಿತು.

"ಹಾಗೆ ಬರೆದ್ರೆ ಮೇಲಿನವರು ಆ ಸಾಲನ್ನೇ ಹೊಡೆದು ಹಾಕ್ತಾರೆ ಕಣಯ್ಯಾ. ಓಟು ಹೋಗುತ್ತೆ."

"ಹೋಗ್ಲಿ ಬಿಡಿ!"

ರಾಟೆ ನಿಂತಿತು. ಸೆರಗು ಸರಿಮಾಡಿಕೊಂಡು ಆಕೆ ಬಾಗಿಲಿಗೇ ಬಂದಳು. "ಯಾಕೆ ಹೋಗ್ಬೇಕು? ತಿಮ್ಮಕ್ಕ ಅಂತ ಬರ್ಕೊಳಿ ಸ್ವಾಮಿ. ನಮ್ಮಪ್ಪ ಇಟ್ಟಿದ್ದು."

ನಂಜಪ್ಪ ಮಗ್ಗ ಬಿಟ್ಟು ಎದ್ದೇಬಿಟ್ಟ. "ಅಂದ್ರೆ ಅವಳಿಗೂ ಒಂದು, ನಂಗೂ ಒಂದೇನಾ? ಇದನ್ನ ಬರೆಯೋರ ಮನೇಲಿ ಹೆಂಡ್ತೀರಿಲ್ವಾ?"

"ಬರೆಯೋ ಸಭೆಯಲ್ಲೇ ಹೆಂಗಸರಿದ್ದಾರೆ."

"ಹಂಗನ್ನಿ ಮತ್ತೆ!" ಎಂದು ಹಣೆ ಚಚ್ಚಿಕೊಂಡ.

ತಿಮ್ಮಕ್ಕನಿಗೆ ಓದು ಬಾರದು. ಆದರೂ "ಇದ್ರಲ್ಲಿ ಯಾವ್ದು ನಂದು?" ಎಂದು ಕೇಳಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು.

ಮನೆಗೆ ಬಂದವನೇ ನನ್ನ ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಈ ಗಂಡಸರು ಯಾವ ಕಾಲದಲ್ಲಿದ್ದಾರೆ ಎಂದು ನಂಜಪ್ಪನನ್ನು ಚೆನ್ನಾಗಿ ಝಾಡಿಸಿದೆ. (ಎದುರಿಗೆ ಅವನಿರಲಿಲ್ಲವಲ್ಲ, ಧೈರ್ಯ ಬಂದಿತ್ತು.) ಅವಳು ಕಾಫಿ ಲೋಟ ಕೈಗಿಟ್ಟು, ಪಟ್ಟಿಯ ಮೊದಲ ಹಾಳೆ ತಿರುವಿದಳು.

ಎಲ್ಲಕ್ಕಿಂತ ಮೊದಲು ಬರೆದದ್ದು ನಮ್ಮ ಮನೆಯನ್ನೇ. ನನ್ನ ಹೆಸರು, ನಮ್ಮಪ್ಪನ ಹೆಸರು, ಎಲ್ಲ ದುಂಡಗೆ ಇತ್ತು. ಕೆಳಗಿನ ಸಾಲಿನಲ್ಲಿ: ಮೇಷ್ಟ್ರ ಹೆಂಡತಿ.

"ಅಭ್ಯಾಸಬಲ ಕಣೇ" ಎಂದೆ.

ಅವಳು ನನ್ನ ಜೇಬಿನಿಂದ ಪೆನ್ಸಿಲ್ ತೆಗೆದು, ಆ ಸಾಲನ್ನು ಹೊಡೆದು, 'ಲಕ್ಷ್ಮೀದೇವಿ' ಎಂದು ಅಗಲವಾಗಿ ಬರೆದಳು. ಪಕ್ಕದ ಕಾಲಂ ನೋಡಿ, ಮುಖದಲ್ಲಿ ನಗುವೇ ಇಲ್ಲದೆ ಕೇಳಿದಳು:

"ಗಂಡನ ಹೆಸರು ಅನ್ನೋ ಕಡೆ 'ಯಾರೋ ಒಬ್ಬರು ಮೇಷ್ಟ್ರು' ಅಂತ ಹಾಕಿದ್ರೆ ನಡೆಯುತ್ತಾ?"