ಸೆರಗಿನ ಒಳಮೂಲೆಯ ಅರಿಶಿನ

ಶನಿವಾರದೊಳಗೆ ವಾಪಸು ತಂದರೆ ಪೂರ್ತಿ ಹಣ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿರದಿದ್ದರೆ ಆ ಸೀರೆಯನ್ನು ನಾನು ತರುತ್ತಲೇ ಇರಲಿಲ್ಲ. ಈಗ ಹೀಗೆ ಬರೆಯುತ್ತಿದ್ದೇನೆ. ಆಗ ನಿಜವಾಗಿ ಹಾಗೆ ಅಂದುಕೊಂಡಿದ್ದೆನೋ, ಅಥವಾ ತರುವುದೆಂದು ಮೊದಲೇ ನಿರ್ಧರಿಸಿದ್ದವಳಿಗೆ ಆ ಮಾತೊಂದು ನೆಪವಾಗಿ ಸಿಕ್ಕಿತೋ, ಖಚಿತವಾಗಿ ಹೇಳಲಾರೆ. ನಾನು ಚರಿತ್ರೆ ಓದಿದವಳು, ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಒಬ್ಬರ ನೆನಪನ್ನಷ್ಟೇ ನಂಬಿ ತೀರ್ಮಾನಕ್ಕೆ ಬರಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ನನ್ನದೇ ಸಂಗತಿ ಬಂದಾಗ ಮಾತ್ರ ಬೇರೆ ಸಾಕ್ಷಿಯನ್ನು ಹುಡುಕುವ ಅಭ್ಯಾಸ ತಪ್ಪಿಹೋಗುತ್ತದೆ.

ನನ್ನ ಮದುವೆ ಬಂಗಾರಪೇಟೆಯ ಛತ್ರದಲ್ಲಿ ಎಂದು ಗೊತ್ತಾಗಿತ್ತು. ವಯಸ್ಸು ಮೀರಿತು ಎಂದು ಊರು ಮಾತಾಡಿ, ಮಾತಾಡಿ ಬೇಸತ್ತು, ಸುಮ್ಮನಾದ ಮೇಲೆ ಆದ ಮದುವೆ. ಮುಹೂರ್ತದ ಸೀರೆ ಗಂಡಿನ ಕಡೆಯವರದು. ಹಿಂದಿನ ಸಂಜೆಯ ಆರತಕ್ಷತೆಗೆ ಉಡುವುದು ಮಾತ್ರ ನಮ್ಮದು, ಅಂದರೆ ನನ್ನದು. ಅದನ್ನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದು ಒಂದು ಭಾನುವಾರ ಒಬ್ಬಳೇ ರೈಲು ಹತ್ತಿ ಬೆಂಗಳೂರಿಗೆ ಹೋದೆ.

ಅದು ಒಬ್ಬರು ಡಿಸೈನರ್ ನಡೆಸುವ ಅಂಗಡಿ. ಗೋಡೆತುಂಬ ಸೀರೆಗಳಿರಲಿಲ್ಲ. ದೊಡ್ಡ ಕೋಣೆಯಲ್ಲಿ ಕೆಲವೇ ಸೀರೆಗಳು, ಒಂದರಿಂದ ಒಂದು ದೂರದಲ್ಲಿ ತೂಗುತ್ತಿದ್ದವು. ಬೆಲೆಚೀಟಿ ಒಳಮಡಿಕೆಯಲ್ಲಿತ್ತು. ನಾನು ಕೈಗೆತ್ತಿಕೊಂಡದ್ದು ಕೆನೆಬಣ್ಣದ ಕೈಮಗ್ಗದ ರೇಷ್ಮೆ. ತೆಳುವಾದ ಇಟ್ಟಿಗೆಗೆಂಪು ಅಂಚು, ಸೆರಗಿನಲ್ಲಿ ಅದೇ ಬಣ್ಣದ ಸಣ್ಣ ಸಣ್ಣ ಗೆರೆ, ಅಷ್ಟೇ. ಕನ್ನಡಿಯ ಮುಂದೆ ಹೆಗಲಿಗೆ ಹಾಕಿಕೊಂಡಾಗ ಅಲ್ಲಿ ನಿಂತವಳು ನನಗೆ ಪರಿಚಯವಿರುವ, ಆದರೆ ಈವರೆಗೆ ಮನೆಗೆ ಕರೆಯದಿದ್ದ ಯಾರೋ ಅನ್ನಿಸಿತು. ಬೆಲೆ ನನ್ನ ತಿಂಗಳ ಸಂಬಳವನ್ನು ದಾಟುತ್ತಿತ್ತು. ಕಲೆಯಾಗಿರಬಾರದು, ಚೀಟಿ ಕಿತ್ತಿರಬಾರದು, ಹಾಗಿದ್ದರೆ ಶನಿವಾರದವರೆಗೆ ಸಮಯವಿದೆ ಎಂದರು. ನಾನು ಕೊಟ್ಟ ಹಣ ನಮ್ಮ ಮನೆಯಲ್ಲಿ ಎರಡನೆಯ ಹಸುವಿಗೆಂದು ಎತ್ತಿಟ್ಟದ್ದು.

ಹಸುವಿನ ವಿಷಯ ಹೇಳಬೇಕು. ನಮ್ಮ ಊರು ಕಾಮಸಮುದ್ರದ ದಾರಿಯಲ್ಲಿದೆ. ಅಪ್ಪ ಹೋದ ಮೇಲೆ ಅಮ್ಮ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿಯೇ ನನ್ನನ್ನು ಓದಿಸಿದ್ದು. ಅದರಲ್ಲಿ ಒಂದು ಗೊಡ್ಡು ಬಿದ್ದದ್ದರಿಂದ ಮಾರಿದ್ದೆವು. ಅದರ ಜಾಗ ಕೊಟ್ಟಿಗೆಯಲ್ಲಿ ಹಾಗೇ ಖಾಲಿ ಇತ್ತು. ಮದುವೆಯಾಗಿ ನಾನು ಹೊರಡುವ ಮೊದಲು ಆ ಜಾಗ ತುಂಬಿಸಿ ಹೋಗುವುದು ಎಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಆದ್ದರಿಂದ ಶನಿವಾರದೊಳಗೆ ತೀರ್ಮಾನವಾಗಬೇಕಾದದ್ದು ಸೀರೆ ಚೆನ್ನಾಗಿದೆಯೇ ಇಲ್ಲವೇ ಎಂಬುದಲ್ಲ. ಒಂದು ಸಂಜೆ ಉಡುವ ಬಟ್ಟೆಗಾಗಿ ಅಮ್ಮನ ದಿನದ ಸಂಪಾದನೆಯನ್ನು ಅರ್ಧಕ್ಕೇ ಬಿಟ್ಟುಹೋಗಬಹುದೇ ಎಂಬುದು.

ಅಮ್ಮ ಸಂಜೆ ಡೇರಿಯಿಂದ ಖಾಲಿ ಕ್ಯಾನು ಹಿಡಿದು ಬಂದಾಗ ಸೀರೆಯನ್ನು ಮಂಚದ ಮೇಲೆ ಹರಡಿದ್ದೆ. ಅವಳು ಕೈ ಒರೆಸಿಕೊಂಡು ದೂರದಿಂದಲೇ ನೋಡಿದಳು.

"ಗಿಣ್ಣಿನ ಬಣ್ಣ ಐತೆ ಕಣೇ" ಅಂದಳು. ಮೆಚ್ಚಿದ್ದೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ ಬೆಲೆ ಕೇಳಿದಳು. ಹೇಳಿದೆ. ಅವಳು "ಒತ್ತಿಗೆ ಎಷ್ಟು ಲೀಟರ್ ಕೊಡ್ತದೆ ಇದು?" ಎಂದು ಕೇಳಿದಳು.

"ಅಮ್ಮಾ."

"ಮೇವು ಗೀವು ಏನೂ ತಿನ್ನಲ್ಲ ಬುಡು, ಅದೊಂದು ವಾಸಿ" ಅಂದು ಕ್ಯಾನು ತೊಳೆಯಲು ಹೋದಳು.

ಬೇಡವಾದರೆ ಶನಿವಾರದೊಳಗೆ ವಾಪಸು ಕೊಡಬಹುದು ಎಂದು ನಾನು ಅವಳ ಬೆನ್ನಿಗೆ ಹೇಳಿದೆ. ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಾನು ಹಾಗೆ ಹೇಳಲೇ ಇಲ್ಲ ಎನ್ನುವುದು ಅಮ್ಮನ ವಾದ. ಇವತ್ತಿಗೂ ಅದೇ ವಾದ.

ಮದುವೆಯಾಗಬೇಕಿದ್ದವರಿಗೆ ಫೋನು ಮಾಡಿ ಕೇಳಿದೆ. "ನಿಮಗೆ ಇಷ್ಟ ಆದ್ರೆ ಇಟ್ಕೊಳ್ಳಿ" ಅಂದರು. ಒಳ್ಳೆಯ ಮಾತು, ಆದರೆ ಉಪಯೋಗಕ್ಕೆ ಬಾರದ್ದು. ಆ ಎರಡು ದಿನ ನನ್ನೊಳಗೇ ವಾದ ಮಾಡಿಕೊಂಡೆ. ಕೈಮಗ್ಗದ್ದು, ಬಹಳ ಕಾಲ ಬಾಳುತ್ತದೆ. ಆದರೆ ನನ್ನ ಸಾದಾ ಸೀರೆಗಳೂ ಬಾಳುತ್ತಿವೆ. ಎಷ್ಟು ಸಲ ಉಡುತ್ತೇನೋ ಅದರಿಂದ ಭಾಗಿಸಿದರೆ ಬೆಲೆ ಇಳಿಯುತ್ತದೆ. ಆದರೆ ಇಷ್ಟು ಬೆಲೆಯದನ್ನು ಉಟ್ಟುಕೊಂಡು ಕಾಮಸಮುದ್ರದ ಬಸ್ಸು ಹತ್ತುವವರು ಯಾರು? ಕೊನೆಗೆ ಉಳಿಯುತ್ತಿದ್ದದ್ದು ಒಂದೇ ಕಾರಣ, ಅದನ್ನು ಯಾರಿಗೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ನನಗೆಂದು ಹೊಸ ಬಟ್ಟೆ ಬಂದದ್ದೇ ಇಲ್ಲ. ಎಲ್ಲ ಚಿಕ್ಕಮ್ಮನ ಮಗಳು ಹಾಕಿ ಬಿಟ್ಟವು. ಒಂದು ಸಲವಾದರೂ ಯಾರೂ ಉಡದ್ದನ್ನು, ನಾನೇ ಆರಿಸಿದ್ದನ್ನು ಉಡಬೇಕು. ಇದು ನ್ಯಾಯವಾದ ಆಸೆ ಎಂದು ನನಗೆ ತೋರುತ್ತಿತ್ತು.

ಬುಧವಾರ ಕಾಲೇಜು ಮುಗಿಸಿ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಮೈಸೂರು ಮೈನ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗೆ, ಚಿಕ್ಕಮ್ಮನ ಹತ್ತಿರ ಹೋದೆ. ಅವಳು ಅಮ್ಮನ ತಂಗಿ. ಗಣಿ ಕೆಲಸದ ಚಿಕ್ಕಪ್ಪನನ್ನು ಮದುವೆಯಾಗಿ ಅಲ್ಲಿಗೆ ಹೋದವಳು, ಗಣಿ ನಿಂತರೂ ಅಲ್ಲೇ ಉಳಿದವಳು. ಸುತ್ತ ತಮಿಳು ಮಾತಾಡುವ ಮನೆಗಳು, ಅವಳ ಕನ್ನಡದಲ್ಲಿಯೂ ಅದು ಬೆರೆತುಹೋಗಿದೆ. ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಜರಿ ಎಲ್ಲಿ ಕಣ್ಣಮ್ಮಾ? ಅರ್ಜೆಂಟಲ್ಲಿ ಹಾಕೋದು ಮರೆತ್ರಾ?"

"ಅದು ಡಿಸೈನೇ ಹಾಗೆ ಚಿಕ್ಕಮ್ಮ."

"ಅಯ್ಯಯ್ಯೋ. ಈ ದುಡ್ಡಿಗೆ ಅಪ್ಪಟ ಕಂಚಿ ಪಟ್ಟು ಬರ್ತದಮ್ಮಾ. ದೂರದಿಂದ ನೋಡಿದ್ರೂ ಗೊತ್ತಾಗ್ಬೇಕು, ಮದ್ವೆಹೆಣ್ಣು ಯಾರು, ಸಾಂಬಾರು ಬಡಿಸೋಳು ಯಾರು ಅಂತ."

ನಗು ಬಂತು, ಸ್ವಲ್ಪ ಕೋಪವೂ ಬಂತು. ಆ ಕೋಪದಲ್ಲೇ ನನ್ನ ಗುಟ್ಟಿನ ಕಾರಣವನ್ನು ಹೊರಗೆ ಹಾಕಿದೆ. ನಿಮ್ಮ ಮಗಳು ಬಿಟ್ಟದ್ದನ್ನೇ ಹಾಕಿಕೊಂಡು ಬೆಳೆದೆ, ಹೊಸದು ಅಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ ಅಂದೆ. ಚಿಕ್ಕಮ್ಮ ಬೇಸರಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಗಟ್ಟಿಯಾಗಿ ನಕ್ಕಳು.

"ಪೊಯ್ಯಿ! ಶುದ್ಧ ಸುಳ್ಳು! ನನ್ನ ಮಗಳ ಫ್ರಾಕ್ ಹಾಕ್ಕೊಂಡು 'ನಂದು ಹೊಸದು, ನಂದು ಹೊಸದು' ಅಂತ ನೀನು ಬೀದಿಯೆಲ್ಲ ತೋರಿಸ್ಕೊಂಡು ಬರ್ತಿದ್ದೆ. ಅವಳು ಮೂಲೇಲಿ ಕೂತು ಅಳ್ತಿದ್ಲು, ಅದು ನಂದು ಅಂತ."

"ನಾನಾ?"

"ನೀನೇ. ನಿಮ್ಮಮ್ಮ ಏನು ಮಾಡ್ತಿದ್ಲು ಗೊತ್ತಾ? ನಾನು ಕೊಟ್ಟಿದ್ದನ್ನ ಒಗೆದು, ಮಡಿಚಿ, ಮೂಲೆಗೆ ಅರಿಶಿನ ಇಟ್ಟು ದೇವರ ಮುಂದೆ ಇಕ್ತಿದ್ಲು. ಹೊಸ ಬಟ್ಟೆಗೆ ಮಾಡೋ ಶಾಸ್ತ್ರ ಅಲ್ವಾ? ಹಳೇದಕ್ಕೂ ಮಾಡ್ತಿದ್ಲು. ನೀನು ನಂಬ್ತಿದ್ದೆ."

ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನೇ ಯೋಚಿಸಿದೆ. ಫ್ರಾಕಿನ ಕಾಲರಿನ ಹಿಂದೆ ಹಳದಿ ಚುಕ್ಕೆ ಇರುತ್ತಿದ್ದದ್ದು ನನಗೂ ನೆನಪಿದೆ. ಚುಕ್ಕೆ ನೆನಪಿತ್ತು, ಖುಷಿ ಮರೆತಿತ್ತು. ಆ ಬಟ್ಟೆಗಳು ಹಳೆಯವು ಎಂದು ನನಗೆ ಗೊತ್ತಾದದ್ದು ಯಾವಾಗಲೋ ಹೈಸ್ಕೂಲಿನ ಹೊತ್ತಿಗೆ ಇರಬೇಕು. ಆಮೇಲೆ ಆ ಅರಿವನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಇಡೀ ಬಾಲ್ಯಕ್ಕೆ ಹೊದಿಸಿರಬೇಕು. ಚಿಕ್ಕಮ್ಮನ ನೆನಪೂ ಪೂರ್ತಿ ನಿಜವಿರಲಾರದು. ಆದರೆ ಯಾವ ಕೊರತೆಯ ಲೆಕ್ಕದಲ್ಲಿ ನಾನು ಹಸುವಿನ ಹಣವನ್ನು ಖರ್ಚು ಮಾಡಲು ಹೊರಟಿದ್ದೆನೋ ಆ ಕೊರತೆಯೇ ಅನುಮಾನಕ್ಕೆ ಬಂದಮೇಲೆ, ಸೀರೆಯನ್ನು ಇಟ್ಟುಕೊಳ್ಳಲು ಬೇರೆ ಕಾರಣ ಉಳಿಯಲಿಲ್ಲ. ಶುಕ್ರವಾರ ರಜೆ ಹಾಕಿ ವಾಪಸು ಕೊಟ್ಟು ಬರುವುದು ಎಂದು ನಿರ್ಧರಿಸಿದೆ. ಮನಸ್ಸು ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಬೀರುವಿನಲ್ಲಿ ಇಡುವಾಗ ಇನ್ನೊಮ್ಮೆ ಬಿಚ್ಚಿ ನೋಡಿದೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಬೀರು ತೆಗೆದರೆ ಸೀರೆ ಇರಲಿಲ್ಲ. ದೇವರ ಗೂಡಿನ ಮುಂದೆ ಮಣೆಯ ಮೇಲೆ ಇತ್ತು. ಮೇಲೆ ಎರಡು ವೀಳ್ಯದೆಲೆ, ಒಂದು ಸೇವಂತಿಗೆ. ಸೆರಗಿನ ಒಳಮೂಲೆಯಲ್ಲಿ ಅಮ್ಮನ ಹೆಬ್ಬೆರಳಿನಷ್ಟು ಅಗಲಕ್ಕೆ ಅರಿಶಿನ, ಅದರ ನಡುವೆ ಕುಂಕುಮ. ನೀರಿನಲ್ಲಿ ಕಲಸಿದ ಅರಿಶಿನ, ಗಿಣ್ಣಿನ ಬಣ್ಣದ ರೇಷ್ಮೆಯೊಳಕ್ಕೆ ಆಗಲೇ ಇಳಿದಿತ್ತು.

"ಅಮ್ಮಾ! ಇದನ್ನ ವಾಪಸ್ ಕೊಡೋದಿತ್ತು!"

"ಯಾವಾಗ ಏಳ್ದೆ?"

"ಅವತ್ತೇ ಹೇಳಿದೆ. ನೀನು ಕ್ಯಾನು ತೊಳೀತಿದ್ದೆ."

"ನಂಗೆ ಯಾರೂ ಏಳಿಲ್ಲ. ಒಸ ಬಟ್ಟೆ ಮನೇಗೆ ಬಂದ ಮೇಲೆ ಅರ್ಸಿನ ಇಕ್ದೆ ಅಂಗೇ ಮಡಗ್ತಾರಾ? ಇವತ್ತು ಶುಕ್ರವಾರ, ಇಕ್ದೆ."

ಅಂಗಡಿಗೆ ಫೋನು ಮಾಡಿದೆ. ಬಹಳ ಮರ್ಯಾದೆಯ ದನಿಯೊಂದು, ಕಲೆಯಾಗಿದ್ದರೆ ಸಾಧ್ಯವಿಲ್ಲ ಮೇಡಂ ಅಂದಿತು. ಸೋಪು ಹಾಕಿದರೆ ಅರಿಶಿನ ಕೆಂಪಗಾಗಿ ಇನ್ನೂ ಕೆಡುತ್ತದೆ ಎಂದು ನನಗೂ ಗೊತ್ತಿತ್ತು. ಮಣೆಯ ಪಕ್ಕದಲ್ಲೇ ಕುಳಿತುಕೊಂಡೆ. ಅಮ್ಮ ಕ್ಯಾನು ಎತ್ತಿಕೊಂಡು ಹೊಸಲು ದಾಟುವಾಗ, ತಿರುಗದೆಯೇ ಅಂದಳು: "ಅಸು ಇನ್ನೊಂದು ವರ್ಸ ಬತ್ತದೆ. ಮದ್ವೆ ಬತ್ತದಾ?"

ಬೇಕೆಂದೇ ಮಾಡಿದೆಯಾ ಎಂದು ಆಮೇಲೆ ಹಲವು ಸಲ ಕೇಳಿದ್ದೇನೆ. ಪ್ರತಿ ಸಲವೂ ನಾನು ವಾಪಸಿನ ಮಾತು ಹೇಳಲೇ ಇಲ್ಲ ಅನ್ನುತ್ತಾಳೆ. ಹಾಗಾದರೆ ಹಸುವಿನ ಮಾತು ಯಾಕೆ ಆಡಿದಳು? ನಾನು ಮೌನವಾಗಿದ್ದಾಗ ಅವಳಿಗೆ ಏನು ಕೇಳಿಸುತ್ತದೆ ಎಂಬುದಕ್ಕೆ ನನ್ನಲ್ಲಿ ದಾಖಲೆ ಇಲ್ಲ.

ಆರತಕ್ಷತೆಗೆ ಅದನ್ನೇ ಉಟ್ಟೆ. ಜರಿ ಕೇಳಿದ್ದ ಚಿಕ್ಕಮ್ಮ ಊಟದ ಸಾಲುಗಳ ನಡುವೆ ಓಡಾಡುತ್ತ ಅದರ ಬೆಲೆಯನ್ನು ಎಲ್ಲರಿಗೂ ಸಾರಿದಳು. ಕಡೇ ಪಂಕ್ತಿಯ ಹೊತ್ತಿಗೆ ಬೆಲೆ ದುಪ್ಪಟ್ಟಾಗಿತ್ತು. ಬೇತಮಂಗಲದಿಂದ ಬಂದಿದ್ದ ದೊಡ್ಡಮ್ಮ ಒಬ್ಬರು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ, "ತಣ್ಣಗೈತೆ, ಆದ್ರೆ ಅಷ್ಟೊಂದಾ?" ಅಂದರು. ಫೋಟೋಗಳಲ್ಲಿ ದೀಪದ ಬೆಳಕಿಗೆ ಸಾದಾ ಬಿಳಿಯಂತೆ ಬಂದಿದೆ. ನನಗಾದದ್ದು ಇಷ್ಟು: ಗಂಟೆಗಟ್ಟಲೆ ನಿಂತರೂ ಸೀರೆ ಮೈಮೇಲೆ ಭಾರವಾಗಲಿಲ್ಲ, ಒಂದು ಹಂತದಲ್ಲಿ ಉಟ್ಟದ್ದೇ ಮರೆತುಹೋಯಿತು. ಹಾಗೆ ಮರೆಯುವುದಕ್ಕೆ ಅಷ್ಟು ಹಣ ಕೊಟ್ಟಿದ್ದೆ.

ಹಸು ಆ ವರ್ಷ ಬರಲಿಲ್ಲ. ಅಮ್ಮ ಒಂದೇ ಹಸುವಿನ ಹಾಲು ಹಾಕಿದಳು. ಬಂಗಾರಪೇಟೆಯ ಗಂಡನ ಮನೆಯಿಂದ ನಾನು ಊರಿಗೆ ಹೋದಾಗಲೆಲ್ಲ ಕೊಟ್ಟಿಗೆಯ ಖಾಲಿ ಗೂಟವನ್ನು ನೋಡದೆ ಹಿತ್ತಲಿಗೆ ಹೋಗಲು ದಾರಿ ಇರಲಿಲ್ಲ. ಸೀರೆ ನನ್ನ ಬೀರುವಿನಲ್ಲಿತ್ತು. ಬೆಲೆಬಾಳುವುದಾದ್ದರಿಂದ ಉಡಲು ತಕ್ಕ ಸಂದರ್ಭ ಬರಲಿಲ್ಲ. ಬಂದವುಗಳಿಗೆ ಅದು ಹೆಚ್ಚಾಗುತ್ತಿತ್ತು.

ಕಳೆದ ಮಾಘದಲ್ಲಿ ಊರಿನ ಪಕ್ಕದ ಮನೆಯ ಹುಡುಗಿಗೆ ನಿಶ್ಚಿತಾರ್ಥವಾಯಿತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಹುಡುಗಿ. ಆ ಸೀರೆಯನ್ನು ಒಂದು ದಿನದ ಮಟ್ಟಿಗೆ ಕೇಳುತ್ತಿದ್ದಾಳೆ ಎಂದು ಅಮ್ಮ ಫೋನು ಮಾಡಿದಳು. ನಮ್ಮ ಬೀದಿಯಲ್ಲಿ ಸೀರೆ ಕೇಳುವುದೂ ಕೊಡುವುದೂ ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಹಜ. ನಾನು ತಡವರಿಸಿದೆ. ಡ್ರೈಕ್ಲೀನ್‌ಗೆ ಕೊಡಬೇಕು ಅಂದೆ, ಎಳೆ ತುಂಬ ನಾಜೂಕು ಅಂದೆ.

"ಕೊಡಾಕ್ಕಾಗ್ದಿರೋ ಸೀರೆನ ಬೀರುಗೆ ಉಡ್ಸಾಕೆ ತಂದ್ಯೇನೇ?" ಅಂದಳು ಅಮ್ಮ.

ಕೊಟ್ಟೆ. ವಾರದ ನಂತರ ಊರಿಗೆ ಹೋದಾಗ ಆ ಹುಡುಗಿಯ ತಾಯಿ ದಿನಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟರು. ಬಿಚ್ಚಿ ನೋಡಿದೆ. ಸೆರಗಿನ ಒಳಮೂಲೆಯಲ್ಲಿ ಅಮ್ಮ ಇಟ್ಟ ಚುಕ್ಕೆ ಮಾಸಿ ತೆಳುವಾಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಚುಕ್ಕೆ ಇತ್ತು, ಹೊಸ ಹಳದಿ. ನನ್ನ ಮುಖ ಬದಲಾದದ್ದನ್ನು ಅವರು ಕಂಡಿರಬೇಕು.

"ಏನಂದ್ಕೊಬ್ಯಾಡ ಕಣವ್ವ" ಅಂದರು. "ಮೊದಲ್ನೇ ಸಲ ಉಡ್ತಿದ್ಲು. ನಮ್ಮುಡುಗೀಗೆ ಒಸದಲ್ವಾ ಅದು?"

ಹೌದು ಅಂದೆ. ಅಷ್ಟು ಹಣಕ್ಕೆ ಆ ಸೀರೆ ಬಾಳುತ್ತದೆಯೇ ಎಂದು ಈಗ ಕೇಳಿದರೆ, ನಾನೊಬ್ಬಳೇ ಉಡುವುದಾದರೆ ಇಲ್ಲ ಅನ್ನುತ್ತೇನೆ. ಇನ್ನೊಮ್ಮೆ ಅಂಥದ್ದನ್ನು ಕೊಳ್ಳಲಾರೆ. ಸೀರೆಯನ್ನು ಬಂಗಾರಪೇಟೆಗೆ ವಾಪಸು ತರಲಿಲ್ಲ. ಯಾರಾದರೂ ಕೇಳಿದರೆ ಹತ್ತಿರವಿರಲಿ ಎಂದು ಅಮ್ಮನ ಬೀರುವಿನಲ್ಲೇ ಇಟ್ಟೆ. ಅಮ್ಮ ಅದನ್ನು ನೋಡಿದಳು, ಕ್ಯಾನು ತೆಗೆದುಕೊಂಡು ಡೇರಿಗೆ ಹೊರಟಳು. ಹಸುವಿಗೆ ಮತ್ತೆ ಕೂಡಿಡತೊಡಗಿದ್ದೇನೆ.